ಪರದೆಯ ಒಳಗಿನ ಮೇಜು

ಅಫಜಲಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಜೇವರ್ಗಿ ಬಸ್ ನಿಲ್ದಾಣದ ಎದುರಿನ ಸಣ್ಣ ಪಿಜ್ಜಾ ಅಂಗಡಿಗೆ ಹೊಕ್ಕಿದ್ದು ಹಸಿವಿಗಿಂತ ಹೆಚ್ಚಾಗಿ ಕುರ್ಚಿಯ ಆಸೆಗೆ. ಇದ್ದದ್ದು ಮೂರೇ ಮೇಜು. ಅದರಲ್ಲೂ ಒಂದಕ್ಕೆ ಹಳೆಯ ಖಾನಾವಳಿಗಳಂತೆ ಹೂವಿನ ಪರದೆ ಕಟ್ಟಿದ್ದರು.

"ಹೆಣ್ಮಕ್ಕಳು ಒಳಗ ಕೂಡ್ರಿ ಅಕ್ಕಾರ," ಎಂದ ಮಾಲೀಕ.

ಪಿಜ್ಜಾ ತಿನ್ನಲಿಕ್ಕೂ ಪರದೆಯೇ ಎಂದು ಸಿಡುಕುತ್ತಲೇ ಒಳಗೆ ಹೋದೆ.

ಅಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಚಪ್ಪಲಿ ಕಳಚಿ, ಬೆಂಚಿನ ಮೇಲೆ ಕಾಲು ಮಡಚಿಕೊಂಡು ಆರಾಮಾಗಿ ಪಿಜ್ಜಾ ತಿನ್ನುತ್ತಿದ್ದಳು. ನನಗೊಂದು ಪಿಜ್ಜಾ ಹೇಳಿ ನಾನೂ ಕಾಲು ಮೇಲೆತ್ತಿಕೊಂಡೆ. ನಿದ್ದೆಗೆ ಕಣ್ಣು ಎಳೆಯತೊಡಗಿತು.

"ಯಾವ ಬಸ್ಸಿಗಿ ಹೋಗೋರ್ರಿ?" ಎಂದು ಕೇಳಿದಳು.

"ಐದರ ಯಡ್ರಾಮಿ ಬಸ್ಸಿಗೆ."

"ಹಂಗಾದ್ರ ಒಂದೀಟು ಮಕ್ಕೋರಿ. ನಾ ಇದ್ದೇನಿ."

ಎಚ್ಚರವಾದಾಗ ಆಕೆ ಇರಲಿಲ್ಲ. ಮೇಜಿನ ಮೇಲೆ ಪಿಜ್ಜಾವೂ ಇರಲಿಲ್ಲ. ಐದಕ್ಕೆ ಐದು ನಿಮಿಷವಿತ್ತು. ಪರದೆ ಸರಿಸಿ ಕೇಳಿದೆ.

"ಆ ಬುರ್ಖಾದ ಬಾಯಾರು ಹೋಗಾಗ ಹೇಳಿ ಹೋಗ್ಯಾರ್ರಿ," ಎಂದ ಮಾಲೀಕ. "ಭಾಳ ದಣದಾರ, ಎಬ್ಬಸಬ್ಯಾಡ್ರಿ, ಎದ್ದ ಮ್ಯಾಲ ಬಿಸೀದು ಮಾಡಿ ಕೊಡ್ರಿ ಅಂದ್ರು."

ಅವನ ಮುಂದೆ ನನ್ನ ಪಿಜ್ಜಾ ಚೀಸು ಹೊದ್ದುಕೊಂಡು ಹಸಿಯಾಗಿಯೇ ಕೂತಿತ್ತು.

"ಹತ್ತು ನಿಮಿಷ ಹಿಡಿತದ್ರಿ. ಓವನ್‌ನಾಗ ಹಾಕ್ಲೇನ್ರಿ?"

ಹೊರಗೆ ಕಂಡಕ್ಟರ್ ಯಡ್ರಾಮಿ, ಯಡ್ರಾಮಿ ಎಂದು ಕೂಗುತ್ತಿದ್ದ. ಯಡ್ರಾಮಿಯಲ್ಲಿ ತಂಗಿ ನನ್ನ ದಾರಿ ಕಾಯುತ್ತಿದ್ದಳು. ಮುಂದಿನ ಬಸ್ಸು ಕತ್ತಲಾದ ಮೇಲೆಯೇ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಹಾಕ್ರಿ," ಎಂದೆ. ಒಳಗೆ ಹೋಗಿ ಮತ್ತೆ ಚಪ್ಪಲಿ ಕಳಚಿದೆ. ಪರದೆಯನ್ನು ನಾನೇ ಎಳೆದುಕೊಂಡೆ.