ಗುಮಾಸ್ತನ ಹಲ್ಲುನೋವು
ನಮ್ಮ ಪಕ್ಕದ ಮನೆಯ ಕಾದಂಬರಿಕಾರರಿಗೆ ಪಾತ್ರವೆಂದರೆ ಪ್ರಾಣ. ಕಾದಂಬರಿಯೊಳಗಿನ ಗುಮಾಸ್ತನ ಚಪ್ಪಲಿ ಯಾವ ಕಡೆ ಸವೆಯಬೇಕೆಂದು ತಿಳಿಯಲು ಚಪ್ಪಲಿ ಹೊಲಿಯುವವನ ಮುಂದೆ ವಾರಗಟ್ಟಲೆ ಕೂರುತ್ತಾರೆ. ಸಾವಿನ ಮನೆಗೆ ಹೋದರೆ ಯಾರು ಮೊದಲು ಅತ್ತರೆಂದು ಬರೆದುಕೊಳ್ಳುತ್ತಾರೆ. ನಾನು ಗದರಿದರೆ, “ಅನುಭವ ಬೇಕಲ್ಲಮ್ಮಾ!” ಎನ್ನುತ್ತಾರೆ. ಹೋದ ವಾರ ಅವರ ಹೆಂಡತಿಗೆ ಹಲ್ಲುನೋವು ಬಂದು ಕೆನ್ನೆ ಊದಿಕೊಂಡಿತು. ಈ ಮಹಾನುಭಾವರು ನೋಟ್‌ಬುಕ್ ಬಿಚ್ಚಿ ಎದುರಿಗೆ ಕೂತು, “ಚುಚ್ಚತ್ತಾ, ಮಿಡಿಯತ್ತಾ? ಸರಿಯಾಗಿ ಹೇಳೇ, ಗುಮಾಸ್ತನಿಗೆ ಬೇಕು” ಎಂದರು. “ಮೊದ್ಲು ಡಾಕ್ಟರ ಹತ್ರ ಕರ್ಕೊಂಡು ಹೋಗ್ರೀ.” “ಈ ಅಧ್ಯಾಯ ಮುಗೀಲಿ ತಡಿಯೇ.” ಅಧ್ಯಾಯ ಮುಗಿಯಿತು, ಗುಮಾಸ್ತನ ಹಲ್ಲನ್ನು ನುರಿತ ವೈದ್ಯರೊಬ್ಬರು ಕಿತ್ತರು. ಇವತ್ತು ಬೆಳಿಗ್ಗೆ ನಾನು ಹೋದಾಗ ಆಕೆ ಒಂದು ಕೈಯಲ್ಲಿ ಊದಿದ ಕೆನ್ನೆ ಒತ್ತಿಕೊಂಡು, ಇನ್ನೊಂದರಲ್ಲಿ ಆ ಅಧ್ಯಾಯವನ್ನೇ ಪ್ರತಿ ಮಾಡುತ್ತಿದ್ದಳು. “ನೋವು ಎಷ್ಟು ನಿಜವಾಗಿ ಬಂದಿದೆ ನೋಡೀಮ್ಮಾ” ಎಂದಳು, ಹೆಮ್ಮೆಯಿಂದ.