ಕಾಡಿಗೆ ಹಚ್ಚಿದ ದಾರ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಬೇರೇನೋ ಮಾತಾಡಿ ಮುಚ್ಚಿದ್ದೇನೆ. ಅಪ್ಪ ಇರುವತನಕ ಅಪ್ಪನ ಮರ್ಯಾದೆ ಎಂದುಕೊಂಡೆ. ಅಪ್ಪ ಹೋದಮೇಲೆ, ಹೋದವರ ಮಾತೇಕೆ ಎಂದುಕೊಂಡೆ. ಇನ್ನು ನೆವ ಬೇಡ. ಹೇಳಿಯೇ ಬಿಡುತ್ತೇನೆ.

ಕಳೆದ ತಿಂಗಳು ಯಂಕಂಚಿಯ ನಮ್ಮ ಹೊಲಕ್ಕೆ ಒಬ್ಬ ಹುಡುಗಿ ಬಂದಿದ್ದಳು. ಕಾಡುಪ್ರಾಣಿಗಳ ಬಗ್ಗೆ ಓದುವವಳು. ಹಳ್ಳದ ದಂಡೆಯ ಬೇವಿನ ಮರಕ್ಕೆ ಇಟ್ಟಿಗೆಯಷ್ಟು ದೊಡ್ಡ ಹಸಿರು ಡಬ್ಬಿಯೊಂದನ್ನು ಪಟ್ಟಿಯಿಂದ ಬಿಗಿದಳು.

"ಮುಂದ ಏನರ ಹಾದು ಹೋತಂದ್ರ ತಾನ ಫೋಟೋ ತಗೀತೈತ್ರಿ, ಅಜ್ಜಾರ."

"ದಾರ ಕಟ್ಟೂದಿಲ್ಲೇನವಾ?" ಎಂದೆ.

"ಎಂಥಾ ದಾರ್ರಿ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಎಣ್ಣೆದೀಪದ ಕಾಡಿಗೆಯ ವಾಸನೆ ಮೂಗಿಗೆ ಬಡಿದಂತಾಯಿತು...

ಅದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಸಿಂದಗಿಯಲ್ಲಿ ಫೋಟೋ ತೆಗೆಯುವ ಒಬ್ಬರ ಸಣ್ಣ ಸ್ಟುಡಿಯೋ ಇತ್ತು. ಸುತ್ತಲ ಹಳ್ಳಿಗೆಲ್ಲ ಅವರು ಫೋಟೋ ಚಾಚಾ. ಮೆಟ್ರಿಕ್ ಪಾಸಾದ ಹುರುಪಿನಲ್ಲಿ ಫೋಟೋ ತೆಗೆಸಿಕೊಳ್ಳಲು ಹೋದ ನಾನು ಅವರ ಗೆಳೆಯನಾಗಿಬಿಟ್ಟೆ. ಅವರಿಗೊಂದು ಹಟವಿತ್ತು. ತೋಳ ತನ್ನ ಪಾಡಿಗೆ ತಾನು ನಡೆಯುತ್ತಿರುವಾಗ, ಎದುರಿಗೆ ಮನುಷ್ಯರಿಲ್ಲದಾಗ, ಅದರ ಫೋಟೋ ತೆಗೆಯಬೇಕು.

ಅದಕ್ಕೆ ಅವರೇ ಒಂದು ಉಪಾಯ ಹೂಡಿದ್ದರು. ಪ್ರಾಣಿ ತಿರುಗಾಡುವ ಜಾಡಿಗೆ ಅಡ್ಡಲಾಗಿ ಮೊಳಕಾಲೆತ್ತರಕ್ಕೆ ದಾರ. ದಾರದ ತುದಿ ಮುಳ್ಳಿನ ಮರೆಯಲ್ಲಿಟ್ಟ ಕ್ಯಾಮೆರಾಕ್ಕೆ. ಪ್ರಾಣಿ ದಾರ ಜಗ್ಗಿದರೆ ಬಲ್ಬು ಫಕ್ಕನೆ ಹತ್ತಿ ಉರಿದುಹೋಗಬೇಕು, ಗಾಜಿನ ಪ್ಲೇಟಿನ ಮೇಲೆ ಚಿತ್ರ ಕೂಡಬೇಕು. ದಾರ ಕಾಣದಿರಲೆಂದು ಕಾಡಿಗೆ ಹಚ್ಚುವರು. ಮನುಷ್ಯರ ವಾಸನೆ ಹೋಗಲೆಂದು ಕ್ಯಾಮೆರಾದ ಪೆಟ್ಟಿಗೆಗೆ ಕುರಿಹಿಕ್ಕೆ ತಿಕ್ಕುವರು. ಮೊದಲ ಸಲ ಫೋಟೋದಲ್ಲಿ ಬಿದ್ದದ್ದು ನಮ್ಮದೇ ಎಮ್ಮೆ.

"ಏನ್ ಚಾಚಾ, ನಮ್ಮ ಎಮ್ಮಿಗೆ ವರ ನೋಡಾಕತ್ತೀರೇನು?" ಎಂದು ಅಪ್ಪ ಊರಕಟ್ಟೆಯ ಮೇಲೆ ಕೂತು ಕೆಣಕಿದ.

"ಎಮ್ಮಿ ಅಳ್ಳಾಡದಂಗ ನಿಂತೈತ್ರಿ, ಗೌಡ್ರ. ನೀವು ಸ್ಟುಡಿಯೋದಾಗ ಕಣ್ಣು ಮುಚ್ಚಿದ್ರಿ."

ಕಟ್ಟೆಯೆಲ್ಲ ನಕ್ಕಿತು. ಅಪ್ಪನೂ ನಕ್ಕ.

ಆ ಚಳಿಗಾಲದಲ್ಲಿ ಕುರಿಗಳು ಸಾಯತೊಡಗಿದವು. ಬೆಳಗಾದರೆ ಹಳ್ಳದ ದಂಡೆಯ ಯಾರದೋ ಹಟ್ಟಿಯಲ್ಲಿ ಗಂಟಲು ಹರಿದ ಕುರಿ. ಹಳ್ಳದ ಗವಿಯಲ್ಲಿ ತೋಳವೊಂದು ಮರಿ ಹಾಕಿದ್ದು ಎಲ್ಲರಿಗೂ ಗೊತ್ತಿತ್ತು. ಗವಿಗೆ ಹೊಗೆ ಹಾಕಬೇಕೆಂದು ಕಟ್ಟೆಯ ಮೇಲೆ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದವನು ನನ್ನ ಅಪ್ಪ. ಆಗ ಚಾಚಾ ಎದ್ದು ನಿಂತರು.

"ಸಂತಿ ತನಕಾ ತಡೀರಿ. ಸತ್ತ ಕುರಿ ಅಲ್ಲೇ ಬಿಡ್ರಿ. ಕೊಂದದ್ದು ತಿನ್ನಾಕ ತಿರುಗಿ ಬರ್ತೈತಿ. ಫೋಟೋ ತಗದು ನಿಮ್ಮ ಕೈಯಾಗ ಇಡ್ತೇನಿ. ತೋಳ ಇದ್ರ ಮೊದಲನೇ ಕಡ್ಡಿ ನಾನ ಕೊರೀತೇನಿ."

ಊರು ಒಪ್ಪಿತು.

ದಿನಾಲೂ ಹೊತ್ತು ಮುಳುಗುವ ಮೊದಲು ಚಾಚಾ ಸಿಂದಗಿಯಿಂದ ಸೈಕಲ್ಲಿನಲ್ಲಿ ಬಂದು ಸತ್ತ ಕುರಿಯ ಹತ್ತಿರ ದಾರ ಕಟ್ಟುವರು. ಬೆಳಿಗ್ಗೆ ಮತ್ತೆ ಬಂದು ಪ್ಲೇಟು ಒಯ್ಯುವರು. ಸಂತೆಯ ಹಿಂದಿನ ಬೆಳಿಗ್ಗೆ ನಾನು ಅಂಗಳಕ್ಕೆ ಬಂದಾಗ ನಮ್ಮ ಬೇಟೆನಾಯಿ ಮನೆಯ ಜಗಲಿಯ ಕೆಳಗೆ ಮಲಗಿತ್ತು. ಅಪ್ಪ ಮುಧೋಳದಿಂದ ತಂದು ಮಗನಂತೆ ಸಾಕಿದ ನಾಯಿ. ಅದರ ಕೊರಳಪಟ್ಟಿಗೆ ಗೇಣುದ್ದದ ದಾರ ಸಿಕ್ಕಿಕೊಂಡಿತ್ತು. ಎಳೆದು ತೆಗೆದೆ. ಬೆರಳು ಕಪ್ಪಾದವು.

ಹಳ್ಳಕ್ಕೆ ಓಡಿದೆ. ದಾರ ಹರಿದಿತ್ತು, ಬಲ್ಬು ಸುಟ್ಟಿತ್ತು. ಚಾಚಾ ಇನ್ನೂ ಬಂದಿರಲಿಲ್ಲ. ಆ ಪ್ಲೇಟಿನ ಮೇಲೆ ಏನಿದೆ ಎಂಬುದು ನನಗೊಬ್ಬನಿಗೇ ಗೊತ್ತು. ಅದು ಹೊರಬಿದ್ದರೆ ನಾಯಿಗೆ ಗುಂಡು, ಕಟ್ಟೆಯ ಮೇಲೆ ಅಪ್ಪನ ತಗ್ಗಿದ ತಲೆ... ಪ್ಲೇಟಿನ ಚೌಕಟ್ಟು ಹೊರಗೆ ತೆಗೆದೆ, ಮುಚ್ಚಳ ಸರಿಸಿ ಬಿಸಿಲಿಗೆ ಹಿಡಿದೆ, ಮುಚ್ಚಿ ಇದ್ದಲ್ಲೇ ಇಟ್ಟು ಬಂದೆ. ಬೇವಿನ ಕಡ್ಡಿ ಮುರಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಮರುದಿನ ಚಾಚಾ ಕಟ್ಟೆಗೆ ಬಂದು ಪೂರಾ ಕಪ್ಪಾದ ಗಾಜನ್ನು ಎಲ್ಲರೆದುರು ಹಿಡಿದರು.

"ಅದು ಬಂದಿತ್ರಿ. ಬೆಳಕು ತಾಗಿಸಿ ನಾನ ಕೆಡಿಸಿದೆ. ಕೈ ತಪ್ಪತು. ಇನ್ನೊಂದು ದಿನ ಕೊಡ್ರಿ."

"ಸಾಕು ಬಿಡೋ ಚಾಚಾ," ಎಂದ ಅಪ್ಪ. ಈ ಸಲ ಯಾರೂ ನಗಲಿಲ್ಲ.

ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ. ಅವರು ನನ್ನ ಕಡೆಗೊಮ್ಮೆ ನೋಡಿದರು, ಗೆಳೆಯ ಒಂದು ಮಾತು ಆಡಿಯಾನೆಂದು. ನಾನು ಆಡಲಿಲ್ಲ.

ಆ ಸಂಜೆಯೇ ಗವಿಯ ಬಾಯಿಗೆ ಜೋಳದ ಕಣಿಕೆ ತುಂಬಿ ಬೆಂಕಿ ಹಚ್ಚಿದರು. ಒಳಗೆ ತಾಯಿಯ ಜತೆ ಮರಿಗಳು ಕುಂಯ್ ಎನ್ನುತ್ತಿದ್ದವು. ಆಮೇಲೆ ಅನ್ನಲಿಲ್ಲ... ನಾನು ಅಂದಿನಿಂದ ನಾಯಿಯನ್ನು ರಾತ್ರಿ ಸರಪಳಿಗೆ ಕಟ್ಟತೊಡಗಿದೆ. ಕುರಿ ಸಾಯುವುದು ನಿಂತಿತು. ನೋಡಿದಿರಾ, ತೋಳದ್ದೇ ಕೆಲಸ ಎಂದಿತು ಊರು. ನಾನು ಹಾಕಿದ ಸರಪಳಿಯೇ ಸತ್ತ ತೋಳದ ಮೇಲೆ ಸಾಕ್ಷಿ ಹೇಳಿತು.

ಚಾಚಾ ಹಟ ಬಿಡಲಿಲ್ಲ. ಪ್ರತಿ ಚಳಿಗಾಲವೂ ಬಂದು ಅದೇ ದಂಡೆಯ ಮೇಲೆ ದಾರ ಕಟ್ಟಿದರು. ಪ್ಲೇಟು ಹಾಕುವಾಗ ಕಂಬಳಿ ಹೊದ್ದು, ಮೇಲೊಂದು ಚಾದರ ಹೊದ್ದು, ಮುಚ್ಚಳವನ್ನು ಮತ್ತೆ ಮತ್ತೆ ಮುಟ್ಟಿ ನೋಡುವರು. "ಈ ಕೈ ಮ್ಯಾಲೆ ನಂಗ ಭರೋಸಾ ಇಲ್ಲ, ಬೇಟಾ. ಒಂಚೂರು ನೀ ನೋಡು," ಎನ್ನುವರು. ನಾನು ನೋಡುತ್ತಿದ್ದೆ. ಎಲ್ಲ ಸರಿ ಐತ್ರಿ ಚಾಚಾ ಎನ್ನುತ್ತಿದ್ದೆ. ನರಿ ಬಂತು, ಮೊಲ ಬಂತು, ಒಮ್ಮೆ ಕತ್ತೆಕಿರುಬನೂ ಬಂತು. ತೋಳ ಬರಲಿಲ್ಲ. ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣು ಕೊಡಲು ನಾನೂ ಹೋಗಿದ್ದೆ. ಆಗಲೂ ಬಾಯಿ ತೆರೆಯಲಿಲ್ಲ.

ಮೊನ್ನೆ ಆ ಹುಡುಗಿ ತಿರುಗಿ ಬಂದು ಡಬ್ಬಿ ಬಿಚ್ಚಿದಳು. ನನ್ನ ಕೈಗೆ ಮೊಬೈಲು ಕೊಟ್ಟಳು. ತೋಳ! ಹಿಂದೆ ಎರಡು ಮರಿ. ಯಾರ ಪರಿವೆಯೂ ಇಲ್ಲದೆ ಹಳ್ಳ ಇಳಿಯುತ್ತಿದ್ದವು, ಚಾಚಾ ಬಯಸಿದ್ದ ಹಾಗೆಯೇ. ನಾನು ಅವಳನ್ನು ಬೇವಿನ ನೆರಳಿಗೆ ಕೂರಿಸಿ ಇಷ್ಟನ್ನೂ ಹೇಳಿದೆ. ನಾಯಿ ಯಾರದೆಂದು ಹೇಳಿದೆ. ಪ್ಲೇಟು ಕೆಡಿಸಿದ ಕೈ ಯಾವುದೆಂದು ತೋರಿಸಿದೆ. ನಾಳೆ ಕಟ್ಟೆಯ ಮೇಲೂ ಹೇಳುವವನಿದ್ದೇನೆ.

ಅವಳು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಆ ಫೋಟೋವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ, "ಇದನ್ನ ಕಾಗದದ ಮ್ಯಾಲೆ ತಗಸಿ ಕೊಡ್ತೇನ್ರಿ. ಹಿಂದ ಯಾರ ಹೆಸರು ಬರೀಲಿ, ಅಜ್ಜಾರ?" ಎಂದಳು.

"ಫೋಟೋ ಚಾಚಾ," ಎಂದೆ.