ಅತ್ತೆ ಸೊಸೆಯ ಗಂಗಾಳ

ನಮ್ಮ ಮನೆಗೂ ಗದ್ದೆಮ್ಮನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮಸ್ಕಿಯ ನಮ್ಮ ಓಣಿಯಲ್ಲಿ ಹಳೆಯ ಮನೆಗಳೆಲ್ಲ ಹೀಗೇ. ಗೋಡೆಯಲ್ಲಿ ಕೈ ಹಿಡಿಸುವಷ್ಟು ಒಂದು ಕಿಂಡಿ ಇದೆ. ಉಪ್ಪು, ಹುಣಸೆಹಣ್ಣು, ಹೆಪ್ಪಿಗೆ ಮಜ್ಜಿಗೆ ಎಲ್ಲ ಆ ಕಿಂಡಿಯಲ್ಲೇ ಆಚೆ ಈಚೆ ಓಡಾಡಿವೆ, ಮಾತೂ ಕೂಡ. ಆಚೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಕಲ್ಲಿನ ಮುಂದೆ ಕೂತವಳು ಅತ್ತೆಯೋ ಸೊಸೆಯೋ ಗೊತ್ತಾಗಿಬಿಡುತ್ತದೆ. ಗದ್ದೆಮ್ಮನದು ಸಾವಕಾಶ, ಒಂದೇ ಸಮ. ಸೊಸೆ ಪಂಪಾವತಿಯದು ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ದಬದಬ.

ಬಸ್ಸು ಅವಳ ಕೆಲಸವೇ. ಸಿಂಧನೂರಿನಿಂದ ಹೊರಟು ಮಸ್ಕಿ ಹಾಯ್ದು ಲಿಂಗಸುಗೂರಿಗೆ ಹೋಗಿಬರುವ ಬಸ್ಸಿಗೆ ಪಂಪಾವತಿ ಕಂಡಕ್ಟರ್. ಈ ದಾರಿಯಲ್ಲಿ ಓಡಾಡುವವರಲ್ಲಿ ಅವಳ ದನಿ ಕೇಳದವರಿಲ್ಲ.

ಅವಳು ಸಂತೆಕಲ್ಲೂರಿನಿಂದ ಮದುವೆಯಾಗಿ ಬಂದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಿಂಗಾರಿ ಜೋಳದ ದಂಟಿನ ಹಾಗೆ ಇದ್ದಳು. ಬಳೆ ಮೊಣಕೈವರೆಗೂ ಸರಿಯುತ್ತಿದ್ದವು. ಗದ್ದೆಮ್ಮ ಕಿಂಡಿಗೆ ಬಾಯಿ ಹಚ್ಚಿ ನನ್ನನ್ನು ಕರೆದು ಪಿಸುಗುಟ್ಟಿದ್ದಳು.

"ಆದವ್ವಾ, ಗಾಳಿ ಬಿಟ್ರ ಹಾರಿ ಹೋಗ್ತಾಳಬೇ ಈಕಿ. ತವರಾಗ ಏನೂ ಇಕ್ಕಿಲ್ಲೇನು ಹುಡುಗಿಗಿ?"

"ನೀ ಇಕ್ಕು," ಅಂದೆ.

"ಇಕ್ತೀನಿ ನೋಡು," ಅಂದಳು. ಇಕ್ಕಿದಳು.

ಗದ್ದೆಮ್ಮ ತನ್ನ ತವರಿನಿಂದ ತಂದ ಒಂದು ಕಂಚಿನ ಗಂಗಾಳವಿದೆ. ಅಂಚು ಎತ್ತರದ, ಇಬ್ಬರು ಎದುರು ಬದುರು ಕೂತು ಉಣ್ಣುವಷ್ಟು ಅಗಲದ ತಟ್ಟೆ. ಗಂಡಸರ ಊಟ ಮುಗಿದ ಮೇಲೆ ಅತ್ತೆ ಸೊಸೆ ಅದೊಂದರಲ್ಲೇ ಕೂಡಿ ಉಣ್ಣುವುದು ಆ ಮನೆಯ ರೂಢಿ. ಗದ್ದೆಮ್ಮನೂ ತನ್ನ ಅತ್ತೆಯ ಎದುರು ಹಾಗೆಯೇ ಕೂತು ಉಂಡವಳು. "ಸೊಸಿ ಬ್ಯಾರೆ ತಾಟು ಹಿಡದ್ಲಂದ್ರ ನಾಳಿ ಬ್ಯಾರೆ ಒಲಿ ಹೂಡಾಕಿನ," ಎಂದು ಆಗಾಗ ಅನ್ನುವಳು. ಪಂಪಾವತಿ ಬಂದ ಮರುದಿನವೇ ಆ ಗಂಗಾಳದ ಮುಂದೆ ಕೂತಳು. ಪುಂಡಿಪಲ್ಯ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಬಿಸಿ ರೊಟ್ಟಿ. ಗದ್ದೆಮ್ಮ ತನ್ನ ಕಡೆಯ ರೊಟ್ಟಿ ಮುರಿದು ಮುರಿದು ಸೊಸೆಯ ಕಡೆಗೆ ದೂಡುವಳು. ಬಳೆಗಳು ಗಂಗಾಳಕ್ಕೆ ತಾಗುವ ಸಪ್ಪಳ, ನಡುನಡುವೆ ನಗು. ನಾನು ಈಚೆ ಒಬ್ಬಳೇ ಉಣ್ಣುತ್ತ ಅದನ್ನು ಕೇಳುತ್ತಿದ್ದೆ. ಆ ದಿನಗಳಲ್ಲಿ ನನ್ನ ಊಟಕ್ಕೂ ಒಂದು ರುಚಿ ಇತ್ತು.

ಆಮೇಲೆ ಅವಳಿಗೆ ಕೆಲಸ ಸಿಕ್ಕಿತು. ನಸುಕಿನಲ್ಲಿ ಎದ್ದು ಹೋದರೆ ಇಳಿಹೊತ್ತಿಗೆ ಬರುವಳು. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ಹಾರ್ನ್ ಹೊಡೆಯುವುದರೊಳಗೆ ಬುತ್ತಿ ತಿಂದು ಮುಗಿಸಬೇಕು. ಹಾಗಾಗಿ ನುಂಗುವುದು ರೂಢಿಯಾಯಿತು. ಮನೆಗೆ ಬಂದ ಮೇಲೂ ಅದೇ ವೇಗ. ಅತ್ತೆ ಕಾದು ಕೂತಿರುವಳು, ಸೊಸೆ ಬರುವಳು, ಗಂಗಾಳ ತುಂಬುವುದು, ನೋಡನೋಡುತ್ತಲೇ ಖಾಲಿಯಾಗುವುದು. ಸೊಸೆ ಕೈ ತೊಳೆದು ಎದ್ದುಹೋಗುವಳು. ಹೆರಿಗೆಯಾಯಿತು, ಮಗಳು ನಂದಿನಿ ಹುಟ್ಟಿದಳು. ಬಳೆ ಮೊದಲು ಮುಂಗೈಗೆ ಸರಿಹೋದವು, ಆಮೇಲೆ ಬಿಗಿಯಾದವು, ಆಮೇಲೆ ಅವಳು ಬಳೆ ಇಡುವುದನ್ನೇ ಬಿಟ್ಟಳು.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕಾಲಿಡಲು ಜಾಗವಿಲ್ಲ. ಸಿಂಧನೂರಿನ ಕಡೆ ಭತ್ತ ನಾಟಿಗೆ ಹೋಗುವ ಆಳುಗಳು, ಆಫೀಸಿನವರು, ಕಾಲೇಜಿನ ಹುಡುಗಿಯರು. ಆ ಸಂದಿಯಲ್ಲಿ ಹಾಯ್ದು ಹಿಂದಿನ ಸೀಟಿನವರೆಗೆ ಟಿಕೇಟು ಕೊಡಬೇಕು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಒಬ್ಬ ಹಿಂದಿನಿಂದ ಕೂಗಿದ.

"ಡ್ರೈವರ್ ಸಾಹೇಬ್ರ, ಕಂಡಕ್ಟರಮ್ಮಗ ಎರಡು ಟಿಕೇಟು ಹರೀರಿ!"

"ನನಗ ಎರಡು ಹರೀತೀನಪಾ," ಅಂದಳು ಪಂಪಾವತಿ, "ನಿನ್ನ ಬಾಯಿಗಿ ಲಗೇಜ್ ಹಾಕ್ತೀನಿ, ತಡಿ."

ಬಸ್ಸೆಲ್ಲ ನಕ್ಕಿತು. ಮಸ್ಕಿಯಲ್ಲಿ ಇಳಿದ ಮೇಲೆ ಮನೆತನಕ ನಡೆಯುವಾಗ ಅವಳು ಎಲ್ಲೆಲ್ಲಿ ಕಟ್ಟೆ ಸಿಕ್ಕಿತೋ ಅಲ್ಲಲ್ಲಿ ಕೂತಳು. ಮೊಣಕಾಲು ಹಿಡಿದುಕೊಂಡು ಅಂದಳು, "ದೊಡ್ಡವ್ವ, ಬಾಯಿ ಇರೋತನಕ ನಗಸ್ತೀನಿ. ಕಾಲು ಕೇಳವಲ್ವು."

ಸಕ್ಕರೆ ಕಾಯಿಲೆ ಬಂತು. ಸೂಜಿ ಶುರುವಾಯಿತು. ಕೊನೆಗೆ ಅವಳ ಗಂಡ ಲಕ್ಷ್ಮಣ ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುವ ಆಪರೇಷನ್ ಮಾಡಿದರು.

ತಿರುಗಿ ಬಂದ ದಿನ ಲಕ್ಷ್ಮಣ ತಾಯಿಗೆ ತಿಳಿಹೇಳುತ್ತಿದ್ದ. "ಯವ್ವಾ, ಇನ್ನ ಸ್ವಲ್ಪ ದಿನ ನೀರಿನಂಥಾದ್ದಷ್ಟ. ಆಮ್ಯಾಲ ಮೆತ್ತಂದು, ಅದೂ ಒಂದೀಟು. ಜಾಸ್ತಿ ಹಿಡಿಯೋದಿಲ್ಲ ಆಕಿಗಿ."

"ಹೊಟ್ಟಿ ಕೊಯ್ದಾರ ಅಂದ್ರ ಹಸಿ ಮೈ," ಅಂದಳು ಗದ್ದೆಮ್ಮ. "ಹಸಿ ಮೈಗಿ ಏನು ಮಾಡಬೇಕಂತ ನಿನಗಿಂತ ನನಗ ಚೊಲೋ ಗೊತ್ತೈತಿ. ನೀ ಹೊರಗ ನಡಿ."

ನಮ್ಮ ಕಡೆಯ ಹೆಂಗಸರು ಕಂಡ ಚೇತರಿಕೆ ಎಂದರೆ ಬಾಣಂತನ ಒಂದೇ. ಗದ್ದೆಮ್ಮ ಅದನ್ನೇ ಮಾಡಿದಳು. ಸೊಸೆಯ ತಲೆಗೆ ಕಿವಿ ಮುಚ್ಚುವ ಹಾಗೆ ಅರಿವೆ ಕಟ್ಟಿದಳು. ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಕೆಂಡಕ್ಕೆ ಅಜವಾನ ಹಾಕಿ ಹೊಗೆ ಕೊಟ್ಟಳು. ಪಂಪಾವತಿ ಕೆಮ್ಮುತ್ತಲೇ ನಕ್ಕಳು.

"ಅತ್ತಿ, ಬಾಣಂತಿ ಆಯ್ತು. ಕೂಸೆಲ್ಲಿ?"

"ನೀನ ಕೂಸು. ಬಾಯಿ ಮುಚ್ಚು."

ಇಷ್ಟಕ್ಕೇ ನಿಂತಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಸೊಸೆ ಬರೀ ಗಂಜಿ, ಬೇಳೆಯ ನೀರು ಕುಡಿಯುವುದನ್ನು ನೋಡಲು ಗದ್ದೆಮ್ಮನಿಂದ ಆಗಲಿಲ್ಲ. ಮೆತ್ತಗಿನ ಊಟ ಶುರುವಾಗುತ್ತಲೇ ಒಂದು ದಿನ, ಲಕ್ಷ್ಮಣ ಲಿಂಗಸುಗೂರಿನ ಕಚೇರಿಗೆ ಹೋದ ಹೊತ್ತು ನೋಡಿ, ಅಂಟಿನುಂಡೆ ಮಾಡಿದಳು. ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಒಣಕೊಬ್ಬರಿ. ನಂದಿನಿ ಹುಟ್ಟಿದಾಗ ಮಾಡಿದ್ದ ಅದೇ ವಾಸನೆ ಕಿಂಡಿಯಲ್ಲಿ ಬಂತು. ಹಾಲಿನಲ್ಲಿ ಕಿವುಚಿ ಸೊಸೆಯ ಮುಂದೆ ಹಿಡಿದಳು.

"ಬ್ಯಾಡತ್ತಿ. ಸೀ ತಿನಬ್ಯಾಡ ಅಂದಾರ."

"ಯಾರಂದಾರ? ನಾ ಆಗ ಇಕ್ಕಿದ್ದಕ್ಕ ಎದ್ದು ನಿಂತಿ, ಮರತೇನು? ಒಂದೀಟು ತಿನ್ನಬೇ, ನನ್ನಾಣಿ."

ಆಣೆ ಹಾಕಿದ ಮೇಲೆ ಪಂಪಾವತಿ ತಿಂದಳು. ಸ್ವಲ್ಪ ಹೊತ್ತಿಗೇ ಮೈಯೆಲ್ಲ ಬೆವರು, ಎದೆ ಡವಡವ, ಕಣ್ಣು ಕತ್ತಲೆ. ಗದ್ದೆಮ್ಮ ಚೀರಿದ್ದು ಕೇಳಿ ನಾನು ಓಡಿದೆ. ನಾವಿಬ್ಬರೂ ಅವಳನ್ನು ಅಡ್ಡ ಮಲಗಿಸಿದೆವು. ಫೋನಿನಲ್ಲಿ ಡಾಕ್ಟರು ಹೇಳಿದರಂತೆ, ಸಿಹಿ ಆ ಸಣ್ಣ ಚೀಲದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತದೆ, ಸುಧಾರಿಸುತ್ತದೆ ಎಂದು. ಸುಧಾರಿಸಿತು. ಆದರೆ ಓಡಿಬಂದ ಲಕ್ಷ್ಮಣ ಬಾಗಿಲಲ್ಲೇ ನಿಂತು ಕೂಗಿದ ಮಾತು ಸುಧಾರಿಸಲಿಲ್ಲ.

"ಕೊಂದ ಹಾಕ್ತಿದ್ದೆಲ್ಲ ಬೇ ಆಕಿನ್ನ! ಇನ್ನ ಮ್ಯಾಲ ಆಕಿ ಊಟದ ಉಸಾಬರಿ ನಿನಗ ಬ್ಯಾಡ."

ಮರುದಿನ ಅವನು ಒಂದು ಸಣ್ಣ ಸ್ಟೀಲ್ ಬಟ್ಟಲು ತಂದ, ಜೊತೆಗೊಂದು ಚಮಚ. ಪಂಪಾವತಿ ಒಳಕೋಣೆಯಲ್ಲಿ ಫೋನು ಮುಂದಿಟ್ಟುಕೊಂಡು, ಹೊತ್ತು ನೋಡುತ್ತ, ಒಂದೊಂದೇ ತುತ್ತು ಅಗಿಯುವಳು. ಊಟದ ನಡುವೆ ನೀರೂ ಕುಡಿಯುವಂತಿಲ್ಲ. ಗಂಗಾಳವನ್ನು ಗದ್ದೆಮ್ಮ ತೊಳೆದು ಗೋಡೆಗೆ ಒರಗಿಸಿಟ್ಟಳು. ಅದು ಅಲ್ಲೇ ಉಳಿಯಿತು.

ದಿನಗಳು ಹೋದವು. ಪಂಪಾವತಿ ಇಳಿಯುತ್ತ ಬಂದಳು. ಸೂಜಿ ನಿಂತಿತು. ಕೂದಲು ಬಾಚಣಿಗೆಗೆ ಬರುತ್ತಿತ್ತು, ಗಲ್ಲ ಬತ್ತಿತ್ತು, ತೋಳಿನ ಚರ್ಮ ಜೋತಾಡುತ್ತಿತ್ತು. ಆದರೂ ಮೊಣಕಾಲು ಅವಳ ಮಾತು ಕೇಳತೊಡಗಿದವು. ಖಾಕಿ ಸಮವಸ್ತ್ರಕ್ಕೆ ಹೊಲಿಗೆ ಹಾಕಿಸಿ ಬಿಗಿ ಮಾಡಿಕೊಂಡು ಮತ್ತೆ ಕೆಲಸಕ್ಕೆ ಹೋದಳು. ಮೊದಲ ದಿನವೇ ಬಳಗಾನೂರಿನ ಕಡೆಯ ಹೂವಿನ ಹುಸೇನ್‌ಬೀ ಟಿಕೇಟು ತೆಗೆದುಕೊಳ್ಳುತ್ತ ಕೇಳಿದಳಂತೆ.

"ಏನವ್ವಾ, ಮೊದಲಿದ್ದ ಆ ದೊಡ್ಡ ಕಂಡಕ್ಟರಮ್ಮ ಎಲ್ಲಿ ಹೋಗ್ಯಾಳ? ಚೊಲೋ ನಗಸತಿದ್ಲು."

"ವರ್ಗಾ ಆಗೇತಿ," ಅಂದಳಂತೆ ಪಂಪಾವತಿ.

"ಯಾ ಊರಿಗಿ?"

"ಭಾಳ ದೂರ. ಇನ್ನ ಬರೂದಿಲ್ಲ."

ಸಂಜೆ ನನ್ನ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿ ನಕ್ಕಳು. ನಗು ಮುಗಿದ ಮೇಲೆ ಅಂದಳು, "ದೊಡ್ಡವ್ವ, ಆಕಿ ನನಗೂ ನೆನಪಾಗ್ತಾಳ. ಮಸ್ಕಿ ಸ್ಟ್ಯಾಂಡಿನ್ಯಾಗ ಮಿರ್ಚಿ ಕರಿಯೋ ವಾಸನಿ ಬರತೈತಿ, ಬಾಯಾಗ ನೀರು ಬರೂದಿಲ್ಲ. ಮೊದ್ಲು ಇಳಿಹೊತ್ತಿಗಿ ಮನಿ ಕಡಿ ಬರೂವಾಗ ಎಂಥಾ ಹಸಿವು ಇರತಿತ್ತು! ಅತ್ತಿ ರೊಟ್ಟಿ ಬಡಿಯೋದು ಓಣಿ ತುದಿಗೇ ಕೇಳಸತಿತ್ತು. ಈಗ ಹಸಿವೂ ಇಲ್ಲ, ಆ ಸಪ್ಪಳಾನೂ ಇಲ್ಲ."

ಅವಳು ಹಸಿವಿನ ಮಾತಾಡುತ್ತಿದ್ದಳು. ನನ್ನ ಕಿವಿ ಸಪ್ಪಳದ ಮಾತಿಗೆ ಸಿಕ್ಕಿಕೊಂಡಿತು. ಅದು ಇಲ್ಲವೆಂಬುದು ನನಗೆ ಅವಳಿಗಿಂತ ಮೊದಲೇ ಗೊತ್ತಿತ್ತು. ಗಂಡನಿಗೂ ಮಗಳಿಗೂ ಪಂಪಾವತಿ ಬೆಳಿಗ್ಗೆಯೇ ಮಾಡಿಟ್ಟು ಹೋಗುವಳು. ಹಗಲೆಲ್ಲ ಆಚೆ ಮನೆಯಲ್ಲಿ ಗದ್ದೆಮ್ಮ ಒಬ್ಬಳೇ. ಕೊಡ ಇಳಿಸುವ ಸದ್ದು, ಕಸಬರಿಗೆಯ ಸದ್ದು ಕೇಳುತ್ತಿತ್ತು. ತಾಟಿನ ಸದ್ದು ಇಲ್ಲ. ಕಿಂಡಿಯಲ್ಲಿ "ಉಂಡೇನಬೇ?" ಎಂದರೆ "ಆಗ್ಲೇ ಆಯ್ತು" ಎನ್ನುವಳು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಕಿರ್ರೆನ್ನುವುದು, ಎಮ್ಮೆಯ ಗಂಟೆ ಅಲ್ಲಾಡುವುದು. ರೊಟ್ಟಿ ಹೋಗುತ್ತಿದ್ದುದು ಎಲ್ಲಿಗೆ ಎಂದು ಬೇರೆ ಕೇಳಬೇಕಿರಲಿಲ್ಲ. ಆಪರೇಷನ್ ಆದದ್ದು ಸೊಸೆಗೆ. ಅತ್ತೆ ಅವಳ ಸಮಕ್ಕೆ ಇಳಿಯುತ್ತಿದ್ದಳು. ಕುಪ್ಪಸದ ತೋಳು ಗಾಳಿಗೆ ಆಡುತ್ತಿತ್ತು. ಮೊನ್ನೆ ನೀರಿನ ಕೊಡದ ಜೊತೆ ಅಂಗಳದಲ್ಲಿ ಕುಸಿದು ಕೂತಿದ್ದಳು. "ಯಾರಿಗೂ ಹೇಳಬ್ಯಾಡ, ಬಿಸಲು ಹತ್ತಿತ್ತು" ಎಂದಿದ್ದಳು.

ನಾನು ಹೇಳಿದೆ.

"ಪಂಪವ್ವಾ, ನಿಮ್ಮತ್ತಿ ಉಣ್ಣವಲ್ಲಳು."

"ಉಣ್ಣಾಕತ್ತಾಳಲ್ಲ ದೊಡ್ಡವ್ವ? ದಿನಾ ಕೇಳ್ತೀನಿ, ಆಯ್ತು ಅಂತಾಳ."

"ಎಮ್ಮಿ ಉಣ್ಣಾಕತ್ತೈತಿ. ಹಿತ್ತಲಿಗೆ ಹೋಗಿ ಎಮ್ಮಿ ಮೈ ನೋಡು, ಆಮ್ಯಾಲ ಒಳಗ ಬಂದು ನಿಮ್ಮತ್ತಿ ಮೈ ನೋಡು. ಮೊನ್ನೆ ಕೊಡ ತಗೊಂಡು ಬಿದ್ದಾಳ. ಹಿಂಗ ಬಿಟ್ಟಿ ಅಂದ್ರ, ನೀ ಎದ್ದಿ, ಆಕಿ ಮಲಗತಾಳ."

 ಪಂಪಾವತಿ ಚೀಲ ಎತ್ತಿಕೊಂಡು ಒಳಗೆ ಹೋದಳು. ನಾನು ನನ್ನ ಒಲೆಯ ಮುಂದೆ ಬಂದು ಕೂತೆ. ಆಚೆ ಕಂಚು ಕಲ್ಲಿಗೆ ತಾಗಿದ ಸದ್ದಾಯಿತು. ಗಂಗಾಳವನ್ನು ಗೋಡೆಯಿಂದ ತೆಗೆದು ನೆಲಕ್ಕೆ ಇಟ್ಟಿದ್ದಳು.

"ಅತ್ತಿ, ಬಾ. ಉಣ್ಣೂಣು."

"ನಂದು ಆಗೇತಿ."

"ಎಮ್ಮಿದಾಗೇತಿ. ನಿಂದಾಗಿಲ್ಲ. ಬಾ."

 ಗದ್ದೆಮ್ಮನ ದನಿ ಕೇಳಿತು: "ನನ್ನ ಕೈಲೆ ಉಂಡ್ರ ನಿನಗ ಕೇಡು ಅಂತ ನನ್ನ ಮಗನ ಅಂದಾನ. ನೀ ಬ್ಯಾರೆ ಬಟ್ಟಲ ಹಿಡದಿ. ನನಗ್ಯಾಕ ಗಂಗಾಳ?"

"ಬಟ್ಟಲ ನನ್ನ ಹೊಟ್ಟಿ ಅಳತಿಗೆ ತಂದಾರ, ನಿನ್ನ ಬಿಡಾಕಲ್ಲ. ನೀ ಇಕ್ಕು, ನಾ ಉಣ್ತೀನಿ. ಎಷ್ಟು ಬೇಕು ಅಂಬೂದು ಅಷ್ಟ ನಾ ಹೇಳ್ತೀನಿ. ನೀ ಏನು ಉಣ್ತಿದ್ದಿ ಇವತ್ತು?"

"ನನ್ನ ಬಾಯಾಗ ಹಲ್ಲು ಎಲ್ಲಿ ಅದಾವ? ನುಚ್ಚು, ಮಜ್ಜಿಗಿ."

"ಅದನ್ನ ಹಾಕು. ನನಗೂ ಮೆತ್ತಂದ ಬೇಕು."

ಗಂಗಾಳಕ್ಕೆ ನುಚ್ಚು ಬಿದ್ದ ಸದ್ದು, ಮಜ್ಜಿಗೆ ಹೊಯ್ದ ಸದ್ದು. ಗದ್ದೆಮ್ಮ ಎಷ್ಟು ವರ್ಷದಿಂದ ನುಚ್ಚು ನಾದಿ, ರೊಟ್ಟಿ ನೆನೆಸಿ ಉಣ್ಣುತ್ತಿದ್ದಳೋ, ತನ್ನ ಊಟದ ವೇಗದಲ್ಲಿ ಎದುರಿಗೆ ಕೂತ ಸೊಸೆಗೆ ಅದು ಕಂಡಿರಲೇ ಇಲ್ಲ. ಈಗ ಸೊಸೆಯೂ ಒಂದು ತುತ್ತಿಗೆ ಅಷ್ಟೇ ಹೊತ್ತು ತೆಗೆದುಕೊಳ್ಳಬೇಕು. ನಾನು ನನ್ನ ಊಟ ಮುಗಿಸಿ ಒಲೆ ಆರಿಸಿದೆ. ಅವರದು ಇನ್ನೂ ನಡೆದಿತ್ತು.

"ಅತ್ತಿ, ನೀ ಇಷ್ಟು ಸಾವಕಾಶ ಉಣ್ಣಾಕಿ?"

"ನಾ ಯಾವಾಗ್ಲೂ ಹಿಂಗ. ನೀ ಎದ್ದು ಹೋಗಿರತಿದ್ದಿ, ನಿನಗೇನು ಗೊತ್ತು?"

"ಮತ್ತ ಹೊಟ್ಟಿ ತುಂಬತಿತ್ತೇನು ನಿಂದು?"

"ನೀ ಉಣ್ಣೂದು ನೋಡಿ ತುಂಬತಿತ್ತು, ಬಿಡು."

ಪಂಪಾವತಿ ಏನಂದಳೋ ಕೇಳಿಸಲಿಲ್ಲ. ಮೂಗು ಸೀಟಿಕೊಂಡದ್ದು ಕೇಳಿಸಿತು. ಆಮೇಲೆ ಗದ್ದೆಮ್ಮನ ಗದರಿಕೆ: "ಅಳಬ್ಯಾಡ. ಅಳಕೋಂತ ಉಂಡ್ರ ಆ ಈಟು ಹೊಟ್ಟಿಗಿ ಗಾಳಿ ಹೋಗತೈತಿ."

ಈಗ ಇಳಿಹೊತ್ತಿಗೆ ಮತ್ತೆ ಗದ್ದೆಮ್ಮನ ಕೈಯ ಸಪ್ಪಳ ಓಣಿಯ ತುದಿಗೆ ಕೇಳುತ್ತದೆ. ಒಂದೆರಡು ರೊಟ್ಟಿಯಷ್ಟೇ. ಲಕ್ಷ್ಮಣ ಮೊದಲು ಬಾಗಿಲಲ್ಲಿ ನಿಂತು ಕಾವಲು ಕಾಯ್ದ, ಆಮೇಲೆ ಬಿಟ್ಟ. ಸ್ಟೀಲ್ ಬಟ್ಟಲು ಗಂಗಾಳದೊಳಗೇ ಕೂರುತ್ತದೆ. ಅದರಿಂದ ಅಳೆದು ಹಾಕುವವಳು ಅತ್ತೆಯೇ. ಕೈ ಹಳೆಯ ರೂಢಿಗೆ ರೊಟ್ಟಿ ಮುರಿದು ಸೊಸೆಯ ಕಡೆ ದೂಡುತ್ತದೆ. ಸೊಸೆ ಅದನ್ನು ತಿರುಗಿ ಅವಳ ಕಡೆ ದೂಡುತ್ತಾಳೆ. ಹಾಗೆ ಆಚೆ ಈಚೆ ಓಡಾಡಿ ಕೊನೆಗೆ ಒಂದು ತುಂಡು ನಡುವೆ ಉಳಿದುಬಿಡುತ್ತದೆ.

ಆ ಗಂಗಾಳದಲ್ಲಿ ರೊಟ್ಟಿ ಉಳಿದದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ನಿನ್ನೆ ಕಿಂಡಿಯಲ್ಲಿ ಗದ್ದೆಮ್ಮ ಕೂಗಿದಳು.

"ಆದವ್ವಾ, ಬರೇ ಕೇಳಕೋಂತ ಕುಂದರತಿಯೇನು? ಒಂದು ತುಂಡು ರೊಟ್ಟಿ ಉಳದೈತಿ. ಬಾ ಬೇ."

ನಾನು ಹೋದೆ. ಇಬ್ಬರೂ ಸರಿದು ಜಾಗ ಮಾಡಿಕೊಟ್ಟರು.